ಊರಿಂದ ಬಂದವರು

"ಇದೇ ಊರಾಗ ಸ್ವಂತ ಮನಿ ಐತಿ. ಆದ್ರೂ ಮಗಳಿಗೆ ಬಾಡಿಗಿ ಖೋಲಿ! ಯಾರರ ಕೇಳಿದ್ರ ಏನ್ ಹೇಳ್ಲಿ? ಮನ್ಯಾಗ ಜಗಳ ಆಗೇತಿ ಅಂತ ಹೇಳ್ಲೇನು?"

ವೈಜನಾಥ ಊಟದ ತಾಟನ್ನು ಮುಂದಕ್ಕೆ ನೂಕಿದ. ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ, ಪುಂಡಿಪಲ್ಯ ಇದ್ದವು. ಮಾತು ಮುಗಿದ ಮೇಲೆ ಆ ತಾಟು ತಾನಾಗಿಯೇ ಹಿಂದಕ್ಕೆ ಬರುತ್ತದೆಂದು ಹೆಂಡತಿ ಶಿವದೇವಿಗೆ ಗೊತ್ತಿತ್ತು. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ತಾಟು ಎಷ್ಟು ಸಲ ಮುಂದಕ್ಕೆ ಹೋಗಿತ್ತೋ ಅಷ್ಟೇ ಸಲ ಹಿಂದಕ್ಕೂ ಬಂದಿತ್ತು.

"ಜಗಳ ಆಗೇತಿ ಅಂತನ ಹೇಳ್ರಿ. ಸುಳ್ಳೇನಲ್ಲ, ಈಗ ಆಗಾಕತ್ತೈತಿ" ಎಂದು ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ವೈಜನಾಥ ನೀರಾವರಿ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಇಪ್ಪತ್ತೆರಡು ವರ್ಷ ಹೈದರಾಬಾದಿನ ಮಲಕಪೇಟೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಮೇಲೆ, ಖಾಲಿ ಮಾಡಿ ಎಂಬ ನೋಟಿಸು ಬಂತು. ಇನ್ನು ಮೇಲೆ ಯಾವ ಮಗನೂ ತನಗೆ ಖಾಲಿ ಮಾಡು ಎನ್ನಬಾರದೆಂದು ಹಟ ಹಿಡಿದು, ಕೈಗೆ ಬಂದದ್ದನ್ನೆಲ್ಲ ಸುರಿದು ಊರಂಚಿನ ಮಣಿಕೊಂಡದಲ್ಲಿ ಮೂರನೇ ಮಹಡಿಯ ಫ್ಲ್ಯಾಟು ಕೊಂಡ. ಅದು 2006ನೇ ಇಸವಿ. ಮಣಿಕೊಂಡ ಆಗ ಬಂಡೆಗಲ್ಲು, ಕ್ರೇನು, ಅರ್ಧಕ್ಕೆ ನಿಂತ ಗೋಡೆಗಳ ಜಾಗ. ಅವರ ಕಟ್ಟಡದಲ್ಲಿ ಲಿಫ್ಟಿರಬೇಕಾದಲ್ಲಿ ಒಂದು ಗುಂಡಿ ಇತ್ತು. ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಸ್ವಂತದ್ದು ಎಂಬ ಒಂದು ಮಾತಿನ ಬಲದ ಮೇಲೆ ಮನೆಯವರೆಲ್ಲ ಮೂರು ಮಹಡಿ ಹತ್ತಿ ಇಳಿಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಸೊರಗಿದವಳು ಮಗಳು ಮಂದಾಕಿನಿ. ಅವಳ ಕಾಲೇಜು ನಾರಾಯಣಗುಡದಲ್ಲಿ. ಮಣಿಕೊಂಡದಿಂದ ಏಳು ಸೀಟಿನ ಆಟೊದಲ್ಲಿ ಹದಿಮೂರು ಜನರೊಡನೆ ಮೆಹದಿಪಟ್ಣಂ, ಅಲ್ಲಿಂದ ಬಸ್ಸು. ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಎರಡು ಗಂಟೆ. ಮನೆ ಬದಲಾದ ವರ್ಷವೇ ಅವಳ ಕೆಮಿಸ್ಟ್ರಿ ಪೇಪರು ಉಳಿಯಿತು. ಇದು ಬಿ.ಎಸ್ಸಿ.ಯ ಕೊನೆಯ ವರ್ಷ. ಇನ್ನೊಂದು ಪೇಪರು ಹೋದರೆ ಓದು ಸಾಕು, ಗಂಡು ನೋಡುತ್ತೇನೆ ಎಂದು ವೈಜನಾಥ ಮೊದಲೇ ಹೇಳಿಬಿಟ್ಟಿದ್ದ. ಹೋದ ವಾರ ಅವಳು ಬಸ್ಸಿನಲ್ಲಿ ನಿಂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಯಾರೋ ಪುಣ್ಯಾತ್ಮರು ಲಕ್ಡಿಕಾಪುಲ್‌ನಲ್ಲಿ ಇಳಿಸಿಕೊಂಡು ಸೋಡಾ ಕುಡಿಸಿ ಕಳಿಸಿದ್ದರು.

ಮಂಚದ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ ಶರಣಬಸಮ್ಮ, ವೈಜನಾಥನ ತಾಯಿ, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಈಗ ಅಡಕತ್ತರಿ ಕೆಳಗಿಟ್ಟಳು.

"ವೈಜು, ಹುಡುಗಿ ಗಲ್ಲ ಒಳಗ ಹೋಗ್ಯಾವ. ನಿನ್ನ ಫ್ಲ್ಯಾಟ್ ಎಲ್ಲಿಗೂ ಓಡಿ ಹೋಗೂದಿಲ್ಲ. ಕಳಸು ಅಕೀನ್ನ."

"ಅವ್ವಾ, ನಿನಗ ತಿಳಿಯೂದಿಲ್ಲ."

"ತಿಳಿಯೂದಿಲ್ಲಪ. ಮೂರು ಮಾಳಿಗಿ ಮ್ಯಾಲ ತಂದು ಕುಂದ್ರಿಸಿದ ಮ್ಯಾಲ ಏನ್ ತಿಳೀತೈತಿ ನನಗ, ಆಕಾಶ ಒಂದ ಕಾಣಸ್ತೈತಿ."

ತಾಟು ಹಿಂದಕ್ಕೆ ಬಂತು. ಉಳಿದ ಅರ್ಧ ರೊಟ್ಟಿ ತಿಂದು ಮುಗಿಸಿ ವೈಜನಾಥ ಹೇಳಿದ: "ಏನರ ಮಾಡ್ಕೋರಿ. ನಾ ಅಂತೂ ಖೋಲಿ ಹುಡುಕಾಕ ಬರೂದಿಲ್ಲ."

ಹಾಗಾಗಿ ಹುಡುಕುವ ಕೆಲಸ ಶಿವದೇವಿಯ ಪಾಲಿಗೆ ಬಂತು. ಎರಡು ಭಾನುವಾರ ತಾಯಿ ಮಗಳು ನಾರಾಯಣಗುಡ, ಹಿಮಾಯತ್‌ನಗರದ ಗಲ್ಲಿಗಳನ್ನು ಸುತ್ತಿದರು. ಟು-ಲೆಟ್ ಬೋರ್ಡುಗಳಿಗೆ ಬರವಿರಲಿಲ್ಲ. ಆದರೆ ಎಲ್ಲ ಕಡೆ ಕೇಳುವುದು ಒಂದೇ, ತಾಯಿ ತಂದೆ ಎಲ್ಲಿರುತ್ತಾರೆ? ಇದೇ ಸಿಟಿಯಲ್ಲಿ ಎಂದ ಕೂಡಲೇ ಮಾಲೀಕರ ಮುಖ ಬದಲಾಗುತ್ತಿತ್ತು. "ಘರ್ ಹೈ ತೋ ರೂಮ್ ಕಾಯ್ಕು?" ಎಂದು ಒಬ್ಬರು. "ಊಳ್ಳೋ ಇಲ್ಲುಂಟೇ ರೂಮು ಎಂದುಕಮ್ಮಾ?" ಎಂದು ಇನ್ನೊಬ್ಬರು. ಭಾಷೆ ಬೇರೆ, ಅನುಮಾನ ಒಂದೇ: ಮನೆ ಇದ್ದ ಮೇಲೆ ರೂಮು ಯಾಕೆ? ಊರಲ್ಲೇ ಮನೆಯಿದ್ದೂ ಹುಡುಗಿ ಹೊರಗಿರುತ್ತಾಳೆಂದರೆ ಏನೋ ಭಾನಗಡಿ ಇರಲೇಬೇಕು. ಬಸ್ಸಿನ ಕಥೆ ಹೇಳಿದರೆ ಯಾರೂ ನಂಬಲಿಲ್ಲ. ನಂಬಲು ಅವರ್ಯಾರೂ ಆ ಬಸ್ಸು ಹತ್ತಿದವರಲ್ಲ.

ಎರಡನೇ ಭಾನುವಾರ ಮಧ್ಯಾಹ್ನ ಹಿಮಾಯತ್‌ನಗರದ ಒಂದು ಹಳೆಯ ಮನೆಯ ಮುಂದೆ ಶಿವದೇವಿಯ ಕಾಲು ನಿಂತವು. ಗೇಟಿನ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮಂದಾಕಿನಿ ಓದಿ ಕೈ ಹಿಡಿದೆಳೆದಳು.

"ಅವ್ವಾ, ನಡಿ. ಹೊರಗಿನ ಊರಿನ ಹುಡುಗ್ಯಾರಿಗೆ ಅಷ್ಟ ಅಂತ ಬರದಾರ."

"ಖೋಲಿ ಯಾರಿಗೆ ಬೇಕು? ಒಂದ ಗುಟುಕು ನೀರ ಕೇಳ್ತೀನಿ, ಬಾ."

ಕನ್ನಡ ಕೇಳಿ ಒಳಗಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಹೊರಗೆ ಬಂದರು. ಹೆಸರು ತುಳಸಾಬಾಯಿ. ಗಂಡ ತೀರಿಕೊಂಡ ಮೇಲೆ ಮಾಳಿಗೆಯ ಮೂರು ಕೋಣೆಗಳನ್ನು ಕಾಲೇಜು ಹುಡುಗಿಯರಿಗೆ ಕೊಟ್ಟು ಕೆಳಗೆ ಒಬ್ಬರೇ ಇದ್ದವರು.

"ಯಾರ್ರಿ, ಕನ್ನಡದವ್ರೇನು? ಯಾ ಊರವ್ರು?"

"ಆಳಂದದವ್ರಿ" ಎಂದಳು ಶಿವದೇವಿ.

ಅವಳು ಸುಳ್ಳು ಹೇಳಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ವೈಜನಾಥನ ಅಜ್ಜ ಆಳಂದ ಬಿಟ್ಟು ಹೈದರಾಬಾದಿಗೆ ಬಂದದ್ದು ನಿಜಾಮನ ಕಾಲದಲ್ಲಿ. ಶಿವದೇವಿ ಹುಟ್ಟಿದ್ದೇ ಕಾಚಿಗುಡದಲ್ಲಿ. ಆಳಂದವನ್ನು ಅವಳು ನೋಡಿದ್ದು ನಾಲ್ಕು ಸಲ, ನಾಲ್ಕೂ ಮದುವೆಗಳಿಗೆ. ಆದರೆ ಹೈದರಾಬಾದಿನ ಕನ್ನಡದವರನ್ನು ಯಾ ಊರು ಎಂದು ಕೇಳಿದರೆ ಯಾರೂ ಹೈದರಾಬಾದು ಎನ್ನುವುದಿಲ್ಲ. ಇರುವ ಜಾಗ ಬೇರೆ, ಊರು ಬೇರೆ. ಮೂರು ತಲೆಮಾರು ಇಲ್ಲೇ ಮಣ್ಣಾಗಿದ್ದರೂ ಬಾಯಿಗೆ ಬರುವುದು ಆಳಂದ, ಭಾಲ್ಕಿ, ಚಿತ್ತಾಪುರ.

ತುಳಸಾಬಾಯಿ ಮಾತ್ರ ಬೇರೆಯೇ ತಿಳಿದುಕೊಂಡರು.

"ಅಯ್ಯ, ಆಳಂದದಿಂದ ಬಂದೀರಾ? ಈ ಬಿಸಲಾಗ? ಕೂಡ್ರಿ ಮೊದಲ. ಸಿಕಂದರಾಬಾದಿಗೆ ಇಳದ್ರೋ, ನಾಂಪಲ್ಲಿಗೋ?"

"ಮೆಹದಿಪಟ್ಣಂನಾಗ ಬಸ್ ಬದಲ ಮಾಡಿದೆವ್ರಿ" ಎಂದಳು ಶಿವದೇವಿ. ಅದೂ ನಿಜವೇ.

"ಬಸ್ಸಿಗೆ ಬಂದ್ರೇನು? ರೈಲಿಗಿಂತ ಇನ್ನೂ ತ್ರಾಸು."

ತುಳಸಾಬಾಯಿ ಒಂದು ತಂಬಿಗೆ ನೀರು ತಂದು ಕಾಲು ತೊಳೆಯಲು ಕೊಟ್ಟರು. ಕುಡಿಯಲು ಇನ್ನೊಂದು ತಂಬಿಗೆ, ಜೊತೆಗೆ ಬೆಲ್ಲದ ಚೂರು. ಶಿವದೇವಿ ಪಡಸಾಲೆಯ ಗೋಡೆಗೆ ಒರಗಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ಹೊರಗಿನಿಂದ ಬಂದ ತನಗೆ ಯಾರಾದರೂ ನೀರು ತಂದುಕೊಟ್ಟು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು. ತಪ್ಪು ತಿಳಿವಳಿಕೆಯನ್ನು ತಿದ್ದಬೇಕೆಂದು ಬಾಯಿ ತೆರೆದಳು. ಬಾಯಲ್ಲಿ ಬೆಲ್ಲವಿತ್ತು.

"ಹುಡುಗಿಗೆ ಖೋಲಿ ನೋಡಾಕ ಬಂದೀರಲ್ಲ, ತೋರಸ್ತೀನಿ. ನನ್ನ ನಿಯಮ ಒಂದೇರಿ. ಈ ಸಿಟಿಯೊಳಗ ಮನಿ ಇದ್ದವ್ರಿಗೆ ಕೊಡೂದಿಲ್ಲ. ಹಿಂದ ಒಬ್ಬಾಕಿಗೆ ಕೊಟ್ಟಿದ್ದೆ. ಅಪ್ಪ ಅವ್ವನ ಜೋಡಿ ಜಗಳಾಡಿ ಬಂದಿದ್ಲಂತ. ಅಪ್ಪ ಬಂದು ನನ್ನ ಬಾಗಲದಾಗ ನಿಂತು ಇಡೀ ಗಲ್ಲಿ ಕೂಡಿಸಿದ" ಎಂದು ತುಳಸಾಬಾಯಿ ಕೋಣೆಯ ಕೀಲಿ ಕೈ ತಂದರು.

ಗೇಟು ದಾಟಿದ ಮೇಲೆ ಮಂದಾಕಿನಿಯ ಮುಖ ಬಿಳಿಚಿಕೊಂಡಿತ್ತು.

"ಅವ್ವಾ, ನೀ ಸುಳ್ಳ ಹೇಳಿದಿ."

"ಏನ್ ಸುಳ್ಳ ಹೇಳೀನಿ? ಊರು ಕೇಳಿದ್ರು, ಹೇಳಿದೆ."

"ಅವ್ರು ತಿಳಕೊಂಡಿದ್ದು ಬ್ಯಾರೆ."

"ಅವ್ರು ತಿಳಕೊಂಡಿದ್ದು ಅವ್ರ ಕಡೆ ಇರ್ಲಿ. ನೀ ಓದ್ಕೋ."

ಸೆಪ್ಟೆಂಬರಿನಿಂದ ಹಾಗೆಯೇ ನಡೆಯಿತು. ಎರಡು ವಾರಕ್ಕೊಮ್ಮೆ ಶನಿವಾರ ಶಿವದೇವಿ ಹಳೆಯ ರೆಕ್ಸಿನ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಳು. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಗಳ ಒಗೆದ ಬಟ್ಟೆ. ಐದು ಗಂಟೆಗೆ ಎದ್ದು ಗಂಡನಿಗೆ, ಅತ್ತೆಗೆ ಎರಡು ಹೊತ್ತಿನ ಅಡಿಗೆ ಮಾಡಿ ಮುಚ್ಚಿಟ್ಟು ಇಳಿಯುವ ಹೊತ್ತಿಗೇ ಅವಳ ಅರ್ಧ ಜೀವ ಹೋಗಿರುತ್ತಿತ್ತು. ಹಿಮಾಯತ್‌ನಗರಕ್ಕೆ ಬರುವಷ್ಟರಲ್ಲಿ ಉಳಿದರ್ಧವೂ ಹೋಗಿ ಆಳಂದದಿಂದಲೇ ಬಂದವಳ ಹಾಗೆ ಕಾಣುತ್ತಿದ್ದಳು.

"ಗಾಡಿ ಲೇಟಾತೇನ್ರಿ?" ಎಂದು ತುಳಸಾಬಾಯಿ ಕೇಳುವರು.

"ಲೇಟಾತ್ರಿ." ಏಳು ಸೀಟಿನ ಆಟೊ ತುಂಬುವವರೆಗೆ ಹೊರಡುತ್ತಿರಲಿಲ್ಲ.

"ಕೂಡಾಕ ಜಾಗಾ ಸಿಕ್ತೋ ಇಲ್ಲೋ?"

"ಎಲ್ಲಿ ಸಿಗ್ತೈತ್ರಿ, ನಿಂತ ಬಂದೆ."

ತಂಬಿಗೆ ನೀರು ಬರುತ್ತಿತ್ತು, ಬೆಲ್ಲ ಬರುತ್ತಿತ್ತು, ಆಮೇಲೆ ಎಲೆಯ ಮುಂದೆ ಕೂರಿಸಿ ಬಿಸಿ ಅನ್ನ, ಹುಳಿ, ಮೇಲೆ ತುಪ್ಪ. "ಇನ್ನೊಂಚೂರು ಹಾಕಿಸ್ಕೋರಿ, ದೂರದ ದಾರಿ" ಎಂದು ತುಳಸಾಬಾಯಿ ಒತ್ತಾಯ ಮಾಡುತ್ತಿದ್ದರು. ಬೇರೆಯವರು ಬಡಿಸಿದ್ದನ್ನು ಬಿಸಿಯಿರುವಾಗಲೇ ತಿನ್ನುವುದು ಶಿವದೇವಿಗೆ ಎಷ್ಟು ಹಿತವಾಗುತ್ತಿತ್ತೆಂದರೆ ಅವಳಿಗೆ ನಾಚಿಕೆಯಾಗುತ್ತಿತ್ತು. ಮಗಳನ್ನು ನೋಡಲು ಬರುತ್ತೇನೋ, ಊಟಕ್ಕೆ ಬರುತ್ತೇನೋ ಎಂದು ಒಂದೊಂದು ಸಲ ತನಗೇ ಅನುಮಾನ.

ಒಮ್ಮೆ ತುಳಸಾಬಾಯಿ, "ಬರುವಾಗ ನಿಮ್ಮ ಕಡೆ ತೊಗರಿಬ್ಯಾಳಿ ತರ್ರಿ, ಇಲ್ಲಿ ಆ ರುಚಿ ಇಲ್ಲ" ಎಂದರು. ಶಿವದೇವಿ ಮೆಹದಿಪಟ್ಣಂನ ಕಿರಾಣಿ ಅಂಗಡಿಯಲ್ಲಿ ಬೇಳೆ ಕೊಂಡು, ಪ್ಯಾಕೆಟ್ಟು ಹರಿದು, ಹಳೆಯ ಧೋತರದ ಅರಿವೆಯಲ್ಲಿ ಗಂಟು ಕಟ್ಟಿ ಒಯ್ದಳು. ಮಂದಾಕಿನಿ ಮಾಳಿಗೆಯ ಕೋಣೆಯಲ್ಲಿ ತಲೆ ಚಚ್ಚಿಕೊಂಡಳು.

"ಅವ್ವಾ, ತಿಂಗಳಿಗೊಮ್ಮೆ ಬಾ. ಆಳಂದದಿಂದ ಎರಡು ವಾರಕ್ಕೊಮ್ಮೆ ಯಾರ್ ಬರ್ತಾರ? ಗೊತ್ತಾದ್ರ ಅವತ್ತ ಖೋಲಿ ಬಿಡಸ್ತಾರ. ಈಗ ಬಿಟ್ರ ನನಗ ಮತ್ತ ಆ ಬಸ್ಸ ಗತಿ. ಪರೀಕ್ಷಿ ಹೋತು, ಅಪ್ಪ ಗಂಡ ಹುಡುಕಿದ್ರು, ಮುಗೀತು."

"ತಿಂಗಳಿಗೊಮ್ಮೆ ಅಂದ್ರ ಭಾಳ ದಿನ ಆಗ್ತೈತವ್ವಾ."

"ನನಗೇನ್ ಆಗೇತಿ ಇಲ್ಲಿ? ಚೊಲೋ ಇದ್ದೀನಿ."

ಹೌದು, ಚೆನ್ನಾಗಿಯೇ ಇದ್ದಳು. ಗಲ್ಲ ತುಂಬಿಕೊಂಡಿದ್ದವು. ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದಳು. ಚೆನ್ನಾಗಿಲ್ಲದವಳು ಯಾರೆಂದು ಶಿವದೇವಿ ಹೇಳಲಿಲ್ಲ.

ಸಂಜೆ ಮೂರು ಮಹಡಿ ಹತ್ತಿ ಬಾಗಿಲು ಬಡಿದರೆ ವೈಜನಾಥ ಪೇಪರು ಹಿಡಿದುಕೊಂಡೇ ಚಿಲಕ ತೆಗೆಯುತ್ತಿದ್ದ. "ಬಂದೇನು? ಚಾ ಇಡು. ಹನ್ನೊಂದರಿಂದ ಚಾ ಇಲ್ಲ."

"ಇಟ್ಕೋಬೇಕಾಗಿತ್ತಲ್ರಿ."

"ಸಕ್ಕರಿ ಡಬ್ಬಿ ಯಾವುದಂತ ಯಾರಿಗೆ ಗೊತ್ತು? ಎಲ್ಲಾ ಡಬ್ಬಿ ಒಂದ ನಮೂನಿ ಅದಾವ."

ಶರಣಬಸಮ್ಮ ಮಂಚದಿಂದ ದನಿ ಕೊಡುತ್ತಿದ್ದಳು: "ಪಲ್ಯಾ ಉಪ್ಪಾಗಿತ್ತು ಶಿವದೇವಿ. ಓಡೂ ಗಡಿಬಿಡ್ಯಾಗ ಎರಡು ಸಲ ಹಾಕೀದಿ."

ಜನವರಿಯಲ್ಲಿ ಒಂದು ದಿನ ವೈಜನಾಥನ ಚಿಕ್ಕಪ್ಪನ ಮಗ ಅಮರೇಶಪ್ಪ ಕಣ್ಣು ತೋರಿಸಲೆಂದು ನಿಜವಾಗಿಯೇ ಆಳಂದದಿಂದ ಬಂದ. ಸಂತೆಯಿಂದ ಕಾಯಿಪಲ್ಯ ಹೊತ್ತು ಬರುತ್ತಿದ್ದ ಶಿವದೇವಿಗೆ ಕಟ್ಟಡದ ಬಾಗಿಲಲ್ಲಿ ಸಿಕ್ಕ. ಆಸ್ಪತ್ರೆ ಮುಗಿಸಿಕೊಂಡೇ ಬಂದಿದ್ದ ಅವನ ಕಣ್ಣಿಗೆ ಪಟ್ಟಿ ಕಟ್ಟಿತ್ತಾದ್ದರಿಂದ ಅವನ ಚೀಲವನ್ನೂ ಅವಳೇ ಹಿಡಿದುಕೊಂಡು ಮೂರು ಮಹಡಿ ಹತ್ತಿದಳು. ಇಬ್ಬರೂ ಏದುಸಿರು ಬಿಡುತ್ತ ಒಳಗೆ ಬಂದರು. ವೈಜನಾಥ ಕುರ್ಚಿಯಿಂದ ಎದ್ದೇಬಿಟ್ಟ.

"ಬಾ ಅಮರೇಶ, ಬಾ, ಈ ಕುರ್ಚಿ ಮ್ಯಾಲ ಕೂಡು. ಏ ಶಿವದೇವಿ, ಏನ್ ನೋಡ್ಕೋತ ನಿಂತಿ? ಊರಿಂದ ಬಂದಾರ, ಮೊದಲ ನೀರ ತಾ!"

ಎರಡು ಕೈಯ ಚೀಲಗಳನ್ನು ಕೆಳಗಿಟ್ಟು ಅವಳು ನೀರು ತಂದಳು, ಬೆಲ್ಲವನ್ನೂ ತಂದಳು. ತಾನು ಅಡಿಗೆಮನೆಯಲ್ಲಿ ನಿಂತುಕೊಂಡೇ ಕುಡಿದಳು.

ಫೆಬ್ರವರಿಯ ಎರಡನೇ ಶನಿವಾರ. ಪರೀಕ್ಷೆಗೆ ಇನ್ನು ಐದು ವಾರ ಉಳಿದಿತ್ತು. ಹಿಂದಿನ ಮೂರು ದಿನ ಟ್ಯಾಂಕರು ಬಂದಿರಲಿಲ್ಲ. ಕೆಳಗಿನಿಂದ ಕೊಡ ಹೊತ್ತು ಹೊತ್ತು ಶಿವದೇವಿಯ ಸೊಂಟ ಬಿದ್ದುಹೋಗಿತ್ತು. ತುಳಸಾಬಾಯಿಯವರ ಅನ್ನ ಹುಳಿ ಉಂಡವಳು ಪಡಸಾಲೆಯ ಚಾಪೆಯ ಮೇಲೆ, ಒಂದು ಐದು ನಿಮಿಷ ಎಂದು ಬ್ಯಾಗಿನ ಮೇಲೆ ತಲೆಯಿಟ್ಟಳು. ಇಟ್ಟದ್ದಷ್ಟೇ ಗೊತ್ತು. ಮಂದಾಕಿನಿ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತಿದ್ದಳು. ತುಳಸಾಬಾಯಿ ಅಕ್ಕಿ ಆರಿಸುತ್ತಿದ್ದರು.

ಅಂಗಳದ ಕೊಳವೆಯಲ್ಲಿ ಗೊರಗೊರ ಸದ್ದಾಯಿತು.

"ನಲ್ಲಾ ಬಂತು! ನಲ್ಲಾ ಬಂತು! ಮಂದಾ, ಬಿಂದಗಿ ತಾ, ಲಗೂ!"

ಶಿವದೇವಿ ಇನ್ನೂ ಅರ್ಧ ನಿದ್ದೆಯಲ್ಲೇ ಹಾಗೆ ಕೂಗುತ್ತ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಓಡಿದ್ದಳು. ಮಲಕಪೇಟೆಯಲ್ಲಿ ಇಪ್ಪತ್ತೆರಡು ವರ್ಷ ದಿನ ಬಿಟ್ಟು ದಿನ ಹಾಗೆಯೇ ಓಡಿದವಳು. ಕೊಳವೆಯ ಕೆಳಗೆ ಕೈಯಿಟ್ಟ ಮೇಲೆ ಪೂರ್ತಿ ಎಚ್ಚರವಾಯಿತು. ತಿರುಗಿ ನೋಡಿದಳು. ಮಂದಾಕಿನಿ ಪುಸ್ತಕ ಎದೆಗೆ ಒತ್ತಿ ಹಿಡಿದು ಕಲ್ಲಾಗಿದ್ದಳು.

ಆಳಂದದ ಹೆಂಗಸು ನಲ್ಲಿಯನ್ನು ನಳ ಎನ್ನುತ್ತಾಳೆ. ನಲ್ಲಾ ಎನ್ನುವವರು ಹೈದರಾಬಾದಿನವರು ಮಾತ್ರ. ಉರ್ದು ಮಾತಾಡಲಿ, ತೆಲುಗು ಮಾತಾಡಲಿ, ಕನ್ನಡ ಮಾತಾಡಲಿ, ಆ ಸದ್ದು ಕೇಳಿದ ಕೂಡಲೇ ಕೂಗುವುದು ಈ ಒಂದೇ ಮಾತು. ಅದೂ ನಿದ್ದೆಗಣ್ಣಿನಲ್ಲಿ ಕೂಗಬೇಕಾದರೆ ಇಲ್ಲಿಯೇ ಸಂಸಾರ ಮಾಡಿರಬೇಕು.

ತುಳಸಾಬಾಯಿ ಮೊರ ಕೆಳಗಿಟ್ಟು ಬಂದು ಬಿಂದಿಗೆ ಇಟ್ಟರು. ಒಂದು ತುಂಬಿತು, ಎರಡು ತುಂಬಿದವು. ಇಬ್ಬರೂ ಸೇರಿ ಒಳಗೆ ಒಯ್ದಿಟ್ಟರು. ಮೂರನೆಯದು ತುಂಬುವಾಗ ಕೇಳಿದರು:

"ಎಲ್ಲಿರ್ತೀರಿ?"

"ಮಣಿಕೊಂಡದಾಗ್ರಿ."

"ಅದಕ್ಕಿಂತ ಮೊದಲ?"

"ಮಲಕಪೇಟಿ. ಹುಟ್ಟಿದ್ದು ಕಾಚಿಗುಡ."

"ನನ್ನ ಬೋರ್ಡ್ ಓದಿದ್ರಿ."

"ಓದಿದ್ವಿರಿ ಬಾಯಾರ." ಶಿವದೇವಿ ತುಂಬಿದ ಬಿಂದಿಗೆ ಪಕ್ಕಕ್ಕೆ ಸರಿಸಿದಳು. "ನೀವು ಊರು ಕೇಳಿದ್ರಿ. ನಾ ಊರು ಹೇಳಿದೆ. ಆಮ್ಯಾಲ ತಿದ್ದಬೇಕಾಗಿತ್ತು, ತಿದ್ದಲಿಲ್ಲ, ತಪ್ಪು ನಂದೈತಿ. ಹುಡುಗೀದಲ್ಲ. ಪರೀಕ್ಷಿ ಐದು ವಾರ ಐತ್ರಿ. ಬೇಕಾದ್ರ ನಾ ಇಲ್ಲಿಗೆ ಕಾಲ ಇಡೂದಿಲ್ಲ. ಅಕೀನ್ನ ಮಾತ್ರ ಬಿಡಸಬ್ಯಾಡ್ರಿ."

ತುಳಸಾಬಾಯಿ ಇನ್ನೊಂದು ಬಿಂದಿಗೆ ಇಟ್ಟರು. ನಲ್ಲಿ ನಿಲ್ಲುವವರೆಗೂ ನೀರು ಹಿಡಿದರು. ಮಂದಾಕಿನಿ ಮಾಳಿಗೆಗೆ ಹೋಗಿ ಬಟ್ಟೆ ಮಡಚಲು ಶುರು ಮಾಡಿದ್ದಳು. ಕೊನೆಯ ಬಿಂದಿಗೆ ಮುಚ್ಚಿಟ್ಟು ತುಳಸಾಬಾಯಿ ಮೆಟ್ಟಿಲ ಮೇಲೆ ಕುಳಿತರು.

"ನನಗ ಯಾರರ ಕೇಳಿದ್ರ ಹುಮನಾಬಾದ ಅಂತ ಹೇಳ್ತೀನ್ರಿ. ನಾ ಹುಮನಾಬಾದ ನೋಡೇ ಇಲ್ಲ."

ಶಿವದೇವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹುಡುಗಿ ಇರ್ಲಿ. ಚೊಲೋ ಹುಡುಗಿ. ಆದ್ರ ಮ್ಯಾಲಿನ ಉಳದ ಹುಡುಗ್ಯಾರ ಮುಂದ ನನ್ನ ನಿಯಮ ಮುರಿಯೂದಿಲ್ಲ. ನೀವು ಬರೂದಿದ್ರ ಆಳಂದದಿಂದನ ಬರಬೇಕು. ಬ್ಯಾಗ್ ತಗೊಂಡು." ಅವರು ಎದ್ದು ಸೆರಗಿನಿಂದ ಕೈ ಒರೆಸಿಕೊಂಡರು. "ಮಣಿಕೊಂಡದವ್ರಿಗೆ ನಾ ಊಟಕ್ಕ ಹಾಕೂದಿಲ್ಲ, ಮೊದಲ ಹೇಳೀನಿ."

ಆ ದಿನ ಮೆಹದಿಪಟ್ಣಂನ ಬಸ್ಸಿನಲ್ಲಿ ಶಿವದೇವಿಗೆ ಕೂರಲು ಜಾಗ ಸಿಕ್ಕಿತು. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತಳು. ಕೋಣೆ ಉಳಿಯಿತೆಂಬ ಸಮಾಧಾನಕ್ಕೆ ಅತ್ತಳು, ಇನ್ನೊಬ್ಬರ ಮನೆಯ ಅನ್ನಕ್ಕೆ ಇಷ್ಟು ಹಸಿದಿದ್ದೆನಲ್ಲ ಎಂಬುದಕ್ಕೂ ಅತ್ತಳು. ಮಣಿಕೊಂಡದಲ್ಲಿ ಇಳಿದು ಮುಖ ಒರೆಸಿಕೊಂಡು, ಲಿಫ್ಟಿನ ಗುಂಡಿ ದಾಟಿ, ಮೂರು ಮಹಡಿ ಹತ್ತಿದಳು.

ವೈಜನಾಥ ಚಿಲಕ ತೆಗೆದ. "ಬಂದೇನು? ಚಾ ಇಡು."

ಶಿವದೇವಿ ಅಡಿಗೆಮನೆಯ ಕಡೆ ಹೋಗಲಿಲ್ಲ. ಹೊರಗಿನ ಕೋಣೆಯಲ್ಲಿ, ಅಮರೇಶಪ್ಪ ಕುಳಿತಿದ್ದ ಕುರ್ಚಿಯಲ್ಲಿ ಕುಳಿತಳು. ಬ್ಯಾಗನ್ನು ಕಾಲ ಹತ್ತಿರ ಇಟ್ಟಳು.

"ಊರಿಂದ ಬಂದೀನ್ರಿ. ಒಂದ ತಂಬಿಗಿ ನೀರ ತರ್ರಿ."

"ಊರಿಂದ? ಯಾವ ಊರಿಂದ?"

ಅವಳು ಬ್ಯಾಗಿನ ಕಡೆ ಕೈ ತೋರಿಸಿದಳು. ವೈಜನಾಥ ಪೇಪರು ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತ. ಮಂಚದ ಮೇಲೆ ಅಡಕತ್ತರಿಯ ಸದ್ದು ನಿಂತಿತು.

"ಕೇಳೂದೇನೈತಿ ವೈಜು" ಎಂದಳು ಶರಣಬಸಮ್ಮ. "ಬಂದವ್ರಿಗೆ ಮೊದಲ ನೀರ ಕೊಡಬೇಕು. ಊರು ಆಮ್ಯಾಲ ಕೇಳಬೇಕು."

ವೈಜನಾಥ ಪೇಪರು ಮಡಚಿ ಇಟ್ಟು ಒಳಗೆ ಹೋದ. ಡಬ್ಬಿಗಳು ಸರಿದ ಸದ್ದಾಯಿತು, ಯಾವುದೋ ಮುಚ್ಚಳ ಬಿದ್ದು ಉರುಳಿತು. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ ಬಂತು.

"ಶಿವದೇವಿ, ತಂಬಿಗಿ ಎಲ್ಲಿರ್ತೈತಿ?"

ಅವಳು ಚಪ್ಪಲಿ ಬಿಚ್ಚಿ, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡಳು. ಊರಿಂದ ಬಂದವರಿಗೆ ಅದೆಲ್ಲ ಹೇಗೆ ಗೊತ್ತಿರಬೇಕು?